ಹೂಂ, ನಡೀಲಿ

ಹಾಲು ಉಕ್ಕುವುದನ್ನು ಕಾಯುತ್ತ ಒಲೆಯ ಮುಂದೆ ನಿಂತಾಗಲೂ ನಾನು ‘ಹೂಂ, ನಡೀಲಿ’ ಎನ್ನುತ್ತೇನೆ. ಹಾಲಿಗೆ ಕಿವಿ ಇಲ್ಲವೆಂದು ನನಗೂ ಗೊತ್ತು. ಆದರೂ ಅನ್ನದೆ ಇರಲಾಗುವುದಿಲ್ಲ. ಗ್ಯಾಸ್ ಸಿಲಿಂಡರ್ ಹೊತ್ತು ಮೆಟ್ಟಿಲು ಹತ್ತುವವನಿಗೆ, ಏರಿನಲ್ಲಿ ಏದುಸಿರು ಬಿಡುವ ನನ್ನ ಸ್ಕೂಟಿಗೆ, ಟಾಕಿಗೆ ನೀರೇರಿಸುವ ಮೋಟಾರಿಗೆ, ಪರೀಕ್ಷೆಯಲ್ಲಿ ಪೆನ್ನು ಕಚ್ಚುತ್ತ ಕೂತ ಹುಡುಗಿಯರಿಗೆ, ಎಲ್ಲರಿಗೂ ಒಂದೇ ಮಂತ್ರ. ಒಮ್ಮೆ ಹಲ್ಲು ಕೀಳುತ್ತಿದ್ದ ಡಾಕ್ಟರಿಗೂ ಅಂದುಬಿಟ್ಟೆ. ಬಾಯಿತುಂಬ ಹತ್ತಿ ತುರುಕಿದ್ದರಿಂದ ಅದು ಆತನಿಗೆ ನರಳಿದಂತೆ ಕೇಳಿ, ಪಾಪ, ಕೈಬಿಟ್ಟು ‘ನೋವಾತೇನ್ರಿ?’ ಅಂದ. ಅರ್ಧ ಕಿತ್ತ ಹಲ್ಲು ಇಟ್ಟುಕೊಂಡು ಅವನನ್ನು ಮತ್ತೆ ಹುರಿದುಂಬಿಸುವಷ್ಟರಲ್ಲಿ ನನ್ನ ಜೀವ ಹೈರಾಣಾಯಿತು.

ಇಂಥ ಚಟದವಳನ್ನು ದೇವರು ಮಾಸ್ತರಿಕೆಗಲ್ಲದೆ ಇನ್ನೇತಕ್ಕೆ ಹಚ್ಚಿಯಾನು? ನವಲಗುಂದದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ಬೀಳ್ಕೊಡುಗೆ ಇರಲಿ, ಖೊಖೊ ಪಂದ್ಯವಿರಲಿ, ಹೆಡ್‌ಮಾಸ್ತರರು ಮೈಕನ್ನು ನನ್ನ ಕಡೆಗೇ ಚಾಚುತ್ತಾರೆ. ‘ಈಗ ಸುಮಿತ್ರಾ ಟೀಚರು ಎರಡು ಹುರಿದುಂಬಿಸುವ ಮಾತು ಆಡಲಿ.’ ಎರಡು ಎಂದದ್ದನ್ನು ನಾನು ಯಾವತ್ತೂ ಮನಸ್ಸಿಗೆ ಹಚ್ಚಿಕೊಂಡವಳಲ್ಲ. ನನ್ನ ಮಾತು ಕೇಳಿ ಗೆದ್ದವರಿದ್ದಾರೆ. ಸೋತವರೂ ಇದ್ದಾರೆ. ಸೋತವರು ನನ್ನ ಹೆಸರು ಹೇಳುವುದಿಲ್ಲ, ಅದು ಅವರ ದೊಡ್ಡ ಗುಣ.

ಈ ಬೇಸಿಗೆಯ ಸುರುವಿಗೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಟೀಚರ್, ಹುರಿದುಂಬಿಸೂದು ಅಂದ್ರ ಹುರದು ತುಂಬೂದೇನ್ರಿ? ಬದನಿಕಾಯಿಗತೆ?” ಎಂದು ಕೇಳಿದಳು. ತರಗತಿ ಗೊಳ್ಳೆಂದಿತು. ನಾನೂ ನಕ್ಕೆ. ಆಮೇಲೆ ಬೋರ್ಡಿನ ಮೇಲೆ ಬಿಡಿಸಿ ಬರೆದೆ. ಹುರಿ ಎಂದರೆ ಹೊಸೆದ ದಾರ, ಎಳೆಗಳನ್ನು ಸೇರಿಸಿ ತಿರುವಿದಾಗ ಅವುಗಳೊಳಗೆ ಕೂಡುವ ಬಿಗಿ. ಕಸುವು, ಉಮೇದಿ ಎಂಬ ಅರ್ಥ ಅಲ್ಲಿಂದಲೇ ಬಂತು. ಗರಡಿಯಾಳಿನದು ಹುರಿಗಟ್ಟಿದ ಮೈ ಎನ್ನುವುದಿಲ್ಲವೇ, ಹಾಗೆ. ಅಂಥ ಹುರಿಯನ್ನು ಇನ್ನೊಬ್ಬರೊಳಗೆ ತುಂಬಿಸುವುದೇ ಹುರಿದುಂಬಿಸುವುದು. ತಕಾರ ಹೋಗಿ ದಕಾರ ಬಂದಿದೆ, ಆದೇಶ ಸಂಧಿ, ಪರೀಕ್ಷೆಗೆ ಒಂದು ಅಂಕಕ್ಕೆ ಬರಬಹುದು ಎಂದೆ. ಎಲ್ಲರೂ ಬರೆದುಕೊಂಡರು. ಆ ಹುಡುಗಿ ಮಾತ್ರ ಕೂಡಲಿಲ್ಲ.

“ಆ ಹುರಿ ಹೆಂಗಿರತೈತ್ರಿ ಟೀಚರ್? ನಾವು ನೋಡೇ ಇಲ್ಲ.”

ನೈಲಾನ್ ಹಗ್ಗದ ಕಾಲದ ಮಕ್ಕಳು, ಅವರದೇನು ತಪ್ಪು? ನಾಳೆ ತಂದು ತೋರಿಸುತ್ತೇನೆ ಎಂದೆ.

ಮನೆಗೆ ಬರುವ ದಾರಿಯಲ್ಲಿ ಆ ಶಬ್ದ ನನ್ನ ಬೆನ್ನು ಬಿಡಲಿಲ್ಲ. ನಿಘಂಟು ಮಾಡುವವರ ಮೇಲೆ ನನಗೆ ಬಹಳ ಗೌರವ. ಆದರೆ ಅವರಲ್ಲಿ ಯಾರೂ ತಿರ್ಲಾಪುರದ ನನ್ನ ಅಜ್ಜನ ಚಕ್ಕಡಿಯಲ್ಲಿ ಕೂತವರಲ್ಲ. ಅಜ್ಜ ಬಾರುಕೋಲು ಹಿಡಿಯುತ್ತಿರಲಿಲ್ಲ. ಎರೆಮಣ್ಣಿನ ಕೆಸರಲ್ಲಿ ಗಾಲಿ ಹೂತುಕೊಂಡರೆ ಎತ್ತಿನ ಬಾಲದ ಬುಡ ಹಿಡಿದು ಒಂದು ತಿರುವು ಕೊಡುತ್ತಿದ್ದ. ಅಷ್ಟಕ್ಕೇ ಎತ್ತು ಹಲ್ಲು ಕಚ್ಚಿ ಎದ್ದು ಎಳೆಯುತ್ತಿತ್ತು. ಹುರಿ ಹಾಕಿದ್ದು ಬಾಲಕ್ಕೆ, ತುಂಬಿದ್ದು ಎತ್ತಿನೊಳಗೆ. ಕ್ರಿಯಾಪದ ಹುಟ್ಟಿದ್ದೇ ಅಲ್ಲಿ ಎಂದು ನನ್ನ ಗುಮಾನಿ. ಇದನ್ನು ನಾನು ತರಗತಿಯಲ್ಲಿ ಹೇಳುವುದಿಲ್ಲ, ಹುಡುಗಿಯರು ಉತ್ತರಪತ್ರಿಕೆಯಲ್ಲಿ ಬರೆದುಬಿಡುತ್ತಾರೆ.

ಅಜ್ಜ ಹೋದ ಮರುವರ್ಷದ ಮಾತೊಂದಿದೆ. ಸೋದರಮಾವ ಅದೇ ಚಕ್ಕಡಿ ಹೊಡೆಯುತ್ತಿದ್ದ, ನಾನು ಹಿಂದೆ ಹತ್ತಿಯ ಮೇಲೆ ಕೂತಿದ್ದೆ. ಹಳ್ಳದ ಇಳುಕಲಿನಲ್ಲಿ ಗಾಲಿ ಸಿಕ್ಕಿತು. ಮಾವನ ಎರಡೂ ಕೈ ಹಗ್ಗದ ಮೇಲಿದ್ದವು. ಬಲಗಡೆಯ ಎತ್ತಿನ ಬಾಲ ತಾನೇ ಒಮ್ಮೆ ತಿರುವಿಕೊಂಡದ್ದನ್ನು, ಯಾರೋ ಹಿಡಿದು ಬಿಟ್ಟಂತೆ ಬಿಚ್ಚಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಎತ್ತು ಹಿಂದಿರುಗಿ ನೋಡಿ, ಒಂದೇ ಏಟಿಗೆ ಚಕ್ಕಡಿಯನ್ನು ದಂಡೆಗೆ ಎಳೆದು ನಿಂತಿತು. ‘ನೊಣ ಕಚ್ಚಿರಬೇಕು’ ಎಂದ ಮಾವ. ಇರಬಹುದು. ಆದರೆ ಅವನೂ ಆವತ್ತು ಚಕ್ಕಡಿ ಇಳಿದು ಮನೆಯ ತನಕ ನಡೆದೇ ಬಂದ.

ಇರಲಿ, ಹುರಿಯ ವಿಷಯಕ್ಕೆ ಬರುತ್ತೇನೆ. ಹುರಿ ಬೇಕೆಂದರೆ ನಾನು ದೂರ ಹೋಗಬೇಕಾಗಿರಲಿಲ್ಲ. ನನ್ನ ಮನೆಯ ಪಡುವಣ ಗೋಡೆಯ ಆಚೆಗೇ ಜಮಖಾನೆ ನೇಯುವ ಮಗ್ಗವಿದೆ. ನಮ್ಮೂರಿನ ಜಮಖಾನೆ ಮಗ್ಗ ಮಲಗಿದ ಮಗ್ಗವಲ್ಲ, ನಿಂತ ಮಗ್ಗ. ಮೇಲೊಂದು ದಿಂಡು, ಕೆಳಗೊಂದು ದಿಂಡು, ನಡುವೆ ಬಿಗಿದ ನೂಲು. ಮುಂದೆ ಒಂದು ಹಲಗೆಯ ಮೇಲೆ ಇಬ್ಬರು ಹೆಂಗಸರು ಅಕ್ಕಪಕ್ಕ ಕೂತು ಕೆಳಗಿನಿಂದ ಮೇಲಕ್ಕೆ ನೇಯುತ್ತ ಹೋಗುತ್ತಾರೆ. ಪ್ರತಿ ಸಾಲನ್ನೂ ಕಬ್ಬಿಣದ ಹಲ್ಲಿನ ಪಂಜಾದಿಂದ ಕುಟ್ಟಿ ಕೂಡಿಸುತ್ತಾರೆ. ಎಡಕ್ಕೆ ಕೂಡುವವಳು ಮಾಲನ್‌ಬಿ, ಬಲಕ್ಕೆ ಹುಸೇನ್‌ಬಿ. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದ ವಾರಗಿತ್ತಿಯರು. ಗಂಡಂದಿರು ಹೋಗಿ ಎಷ್ಟೋ ವರ್ಷವಾದರೂ ಆ ಹಲಗೆ ಬಿಟ್ಟು ಎದ್ದವರಲ್ಲ. ಮನೆಯ ಹೆಣ್ಣುಮಕ್ಕಳಿಗೆ ಈ ಕಸುಬು ಕಲಿಸುವುದಿಲ್ಲ, ಕೊಟ್ಟ ಮನೆಗೆ ಹೋಗಿಬಿಡುತ್ತದೆಂದು. ಕಲಿಸುವುದು ಸೊಸೆಗೆ. ಮಾಲನ್‌ಬಿಯ ಸೊಸೆ ಶಬಾನಾ ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ನರ್ಸು. ಮುಂಜಾನೆಯ ಬಸ್ಸಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹೀಗಾಗಿ ಕಸುಬು ಇಬ್ಬರ ಕೈಯಲ್ಲೇ ನಿಂತಿತ್ತು.

ನಾನು ಹುಟ್ಟಿದ್ದೂ ಇದೇ ಮನೆಯಲ್ಲಿ. ಹಾಗಾಗಿ ನನಗೆ ಜೋಗುಳ ಅಂದರೆ ಆ ಮಗ್ಗವೇ, ಅವರಿಬ್ಬರೂ ನನಗೆ ಖಾಲಾ, ಅಂದರೆ ಚಿಕ್ಕವ್ವಂದಿರು. ಹುಸೇನ್‌ಬಿ ತಂಬಾಕಿನಿಂದ ಒಡೆದ ದನಿಯಲ್ಲಿ “ಹೂಂ, ನಡೀಲಿ” ಎನ್ನಬೇಕು. ಮಾಲನ್‌ಬಿ ಸಣ್ಣ ದನಿಯಲ್ಲಿ “ಬಂತು, ಬಂತು” ಎನ್ನಬೇಕು. ಕೂಡಲೇ ಎರಡು ಪಂಜಾ ಒಟ್ಟಿಗೆ ಬೀಳಬೇಕು. ಮಾಲನ್‌ಬಿಯ ಪಂಜಾದ ಸದ್ದು ಬರೀ ಧಪ್. ಹುಸೇನ್‌ಬಿಯದರ ಒಂದು ಹಲ್ಲು ಸಡಿಲ, ಅದು ಧಪ್ ಎಂದಮೇಲೆ ಛಿಲ್ ಎಂದು ಅಲುಗುತ್ತಿತ್ತು. ತಮ್ಮ ತಮ್ಮಲ್ಲಿ ಅವರು ಆಡುತ್ತಿದ್ದದ್ದು ಉರ್ದು. ಮಗ್ಗದ ಮುಂದೆ ಮಾತ್ರ ಈ ಕನ್ನಡ. ಯಾಕೆಂದು ಚಿಕ್ಕಂದಿನಲ್ಲಿ ಕೇಳಿದ್ದೆ. “ಮಗ್ಗ ಈ ಊರಾಗ ಹುಟ್ಟೇತಿ. ಅದಕ್ಕ ಇದ ಮಾತ ತಿಳೀತೈತಿ” ಎಂದಿದ್ದಳು ಹುಸೇನ್‌ಬಿ.

ಆರೇಳು ವರ್ಷದವಳಿದ್ದಾಗ ವಿಷಮಶೀತ ಜ್ವರ ಬಂದು ಆ ಗೋಡೆಯ ಬುಡಕ್ಕೇ ಹದಿನೈದು ದಿನ ಮಲಗಿದ್ದೆ. ಜ್ವರ ಏರಿದ ಮಧ್ಯಾಹ್ನಗಳಲ್ಲಿ ಗೋಡೆ ನನ್ನನ್ನೇ ಕರೆಯುತ್ತಿದೆ ಅನ್ನಿಸುತ್ತಿತ್ತು. ನಾನೂ ಕಣ್ಣುಮುಚ್ಚಿಕೊಂಡೇ ‘ಬಂತು, ಬಂತು’ ಎನ್ನುತ್ತಿದ್ದೆನಂತೆ. ಅವ್ವ ಗಾಬರಿಯಾಗಿ ಅತ್ತಿದ್ದನ್ನು ಮುಂದೆ ಎಷ್ಟೋ ಸಲ ಹೇಳಿ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ನಾನು ಹುರಿ ಕೇಳಲು ಹೋದಾಗ ಹುಸೇನ್‌ಬಿ ತೀರಿಕೊಂಡು ಐವತ್ತು ದಿನವಾಗಿತ್ತು. ಮಧ್ಯಾಹ್ನ ಮಗ್ಗದಿಂದ ಎದ್ದವಳು ನೀರಿನ ಕೊಡದ ಹತ್ತಿರ ಬಿದ್ದಿದ್ದಳು. ಎದೆ ನಿಂತಿತ್ತೆಂದರು. ಗೋಡೆ ಅಂದಿನಿಂದ ಸುಮ್ಮನಿತ್ತು.

ಮಗ್ಗದ ಮೇಲಿದ್ದದ್ದನ್ನು ನಾನು ಆವತ್ತೇ ನೋಡಿದ್ದು. ಎದುರುಬದುರು ನಿಂತ ಎರಡು ನವಿಲು. ಎಡಗಡೆಯದು ಮಾಲನ್‌ಬಿಯದು, ಕೊರಳು ತುರಾಯಿ ಎಲ್ಲ ಮುಗಿದು ಕಪ್ಪು ಕಣ್ಣಿನಿಂದ ನೋಡುತ್ತಿತ್ತು. ಬಲಗಡೆಯದಕ್ಕೆ ಕಾಲಿತ್ತು, ಹೊಟ್ಟೆ ಇತ್ತು, ಗರಿ ಇತ್ತು. ಕೊರಳು ಅರ್ಧಕ್ಕೆ ನಿಂತು ಅದರ ಮೇಲೆ ಬರೀ ಬಿಳಿ ನೂಲು. ತಲೆಯಿಲ್ಲದ ಹಕ್ಕಿಯ ಎದುರು ತಲೆಯಿದ್ದ ಹಕ್ಕಿ ಕಾಯುತ್ತ ನಿಂತಂತೆ ಕಂಡು ನನಗೆ ಒಂಥರಾ ಆಯಿತು.

“ಇಷ್ಟ ವರ್ಷ ಮಂದೀಗೆ ನೇಯ್ದ್ವಿ. ಇದೊಂದು ನಮ್ಮ ಮನೀಗೆ ಇರಲಿ ಅಂದಿದ್ಲು” ಎಂದಳು ಮಾಲನ್‌ಬಿ. ನಾನು ಬಂದ ಕೆಲಸ ಹೇಳಿದ ಮೇಲೆ ಹತ್ತಿಯ ಎರಡು ಎಳೆ ತೆಗೆದು ಒಂದನ್ನು ನನ್ನ ಕೈಗಿಟ್ಟಳು. “ಜಗ್ಗು.” ಜಗ್ಗಿದೆ, ಪಕ್ಕನೆ ಬಿಟ್ಟುಕೊಂಡಿತು. ಆಮೇಲೆ ಎಳೆಗಳನ್ನು ಜೋಡಿಸಿ ತೊಡೆಯ ಮೇಲೆ ಹೊಸೆದು ಕೊಟ್ಟಳು. “ಈಗ ಜಗ್ಗು.” ಬೆರಳು ಕೆಂಪಾದವೇ ಹೊರತು ಅದು ಹರಿಯಲಿಲ್ಲ.

“ನೋಡು ಸುಮಿ, ಹುರಿ ನೂಲಿಂದಲ್ಲ. ಹೊಸೆದಾಕಿದು. ತನ್ನದಲ್ಲಂತ ನೂಲಿಗೂ ಗೊತ್ತಿರತೈತಿ. ಒಂದ ತುದಿ ಬಿಟ್ಟ ನೋಡು, ತಿರುಗಿ ತಿರುಗಿ ಹೊರಗ ಬರಾಕ ನೋಡತೈತಿ. ಎರಡೂ ಕಡೆ ಹಿಡದಿರಬೇಕು.”

ಇಷ್ಟು ಚೆನ್ನಾದ ಅರ್ಥವನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಕೇಳಿ ಸುಮ್ಮನೆ ಎದ್ದು ಬಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಐವತ್ತು ದಿನದಲ್ಲಿ ಅರ್ಧವಾಗಿದ್ದ ಆ ಮುದುಕಿಯನ್ನು ನೋಡಿ ನನ್ನ ಕರುಳು ಚುರುಕ್ ಅಂದಿತು. ಕರುಳು ಚುರುಕ್ ಅಂದರೆ ನನ್ನ ನಾಲಿಗೆ ಚುರುಕಾಗುತ್ತದೆ. ಒಬ್ಬಳೇ ಕೂತು ಮುಗಿಸು ಖಾಲಾ, ನಿನ್ನ ಕೈಯಲ್ಲಿ ಆಗದ್ದೇನಿದೆ, ಅವಳ ನವಿಲಿಗೆ ತಲೆ ಇಲ್ಲದೆ ಬಿಡುತ್ತೀಯಾ ಎಂದೆಲ್ಲ ಅಂದೆ. ಹೊಸ್ತಿಲು ದಾಟುವಾಗ ಚಟದ ಪ್ರಕಾರ ಕೊನೆಯ ಮಾತೂ ಬಂದುಬಿಟ್ಟಿತು. “ಹೂಂ, ನಡೀಲಿ!”

ಮಾಲನ್‌ಬಿ ಸರಕ್ಕನೆ ತಲೆಯೆತ್ತಿದಳು.

“ಏನಂದಿ?”

“ನಡೀಲಿ ಅಂದೆ, ಖಾಲಾ.”

ಅವಳು ನನ್ನ ಮುಖ ನೋಡಲಿಲ್ಲ, ನನ್ನ ಹಿಂದಿನ ಬಾಗಿಲು ನೋಡಿದಳು. ಆಮೇಲೆ ಎದ್ದು ಹಲಗೆಯ ಎಡತುದಿಗೆ ಹೋಗಿ ಕೂತು ಪಂಜಾ ಕೈಗೆತ್ತಿಕೊಂಡಳು. ನಾನು ಮನೆಗೆ ಬಂದು ಬೀಗ ತೆಗೆಯುವಷ್ಟರಲ್ಲಿ ಗೋಡೆಯ ಆಚೆ ಧಪ್ ಎಂದಿತು. ನನಗಾದ ಸಂತೋಷಕ್ಕೆ ಪಾರವಿರಲಿಲ್ಲ.

ಮರುದಿನ ತರಗತಿಯಲ್ಲಿ ಹುರಿ ತೋರಿಸಿದೆ. ಆ ಹುಡುಗಿ ಒಂದು ತುದಿ ಬಿಟ್ಟಾಗ ದಾರ ಅವಳ ಅಂಗೈ ಮೇಲೆ ತಾನೇ ಸುಳಿಸುಳಿದು ಹೊರಳಿತು. “ಯವ್ವಾ, ಜೀವ ಐತಿ ಇದರಾಗ!” ಎಂದು ಕೂಗಿ ಕೈ ಕೊಡವಿದಳು. ಸ್ಟಾಫ್‌ರೂಮಿನಲ್ಲಿ ನಾನು ಮಾಲನ್‌ಬಿಯ ಕಥೆ ಹೇಳಿ ಬೆನ್ನು ಚಪ್ಪರಿಸಿಕೊಂಡೆ. ಒಂದು ಮಾತಿಗೆ ಮಗ್ಗ ಎದ್ದಿತು ನೋಡಿ ಎಂದೆ. ಹೆಡ್‌ಮಾಸ್ತರರು ಇದನ್ನು ಮುಂದಿನ ಸಭೆಯಲ್ಲಿ ಹೇಳಿರಿ ಎಂದರು.

ಬಿಸಿಲಿನ ದಿನಗಳಾದ್ದರಿಂದ ಆಗ ನಮಗೆ ಮುಂಜಾನೆಯ ಶಾಲೆ. ಹನ್ನೆರಡಕ್ಕೆಲ್ಲ ನಾನು ಮನೆಯಲ್ಲಿರುತ್ತಿದ್ದೆ. ನಮ್ಮ ಕಡೆಯ ಮಟಮಟ ಮಧ್ಯಾಹ್ನ ನಿಮಗೆ ಗೊತ್ತಿದೆಯೋ ಇಲ್ಲವೋ. ಎರೆಹೊಲಗಳಿಂದ ಬರುವ ಬಿಸಿಗಾಳಿಗೆ ಓಣಿಯ ನಾಯಿಯೂ ಗಟಾರದ ದಂಡೆ ಬಿಟ್ಟು ಏಳುವುದಿಲ್ಲ. ಕರೆಂಟು ಹೋಗಿ ಫ್ಯಾನು ನಿಂತರೆ ಊರಿನ ಉಸಿರೇ ನಿಂತ ಹಾಗೆ. ಆ ಹೊತ್ತಿಗೆ ಹೆಣ್ಣುಮಕ್ಕಳನ್ನು ಹೊರಗೆ ಬಿಡಬಾರದೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆ ನಿಶ್ಶಬ್ದದಲ್ಲಿ ಗೋಡೆಯ ಆಚೆ ಒಂಟಿ ಪಂಜಾ ಬೀಳುತ್ತಿತ್ತು. ನಾಲ್ಕು ದಿನವಾದ ಮೇಲೆ ದನಿಯೂ ಸುರುವಾಯಿತು. “ಹೂಂ, ನಡೀಲಿ.” ಸ್ವಲ್ಪ ತಡೆದು, “ಬಂತು, ಬಂತು.” ಎದ್ದು ಕೂತೆ. ಆಮೇಲೆ ಅರ್ಥವಾಯಿತು, ಮಾಲನ್‌ಬಿ ಎರಡೂ ಮಾತನ್ನು ತಾನೇ ಆಡಿಕೊಳ್ಳುತ್ತಿದ್ದಾಳೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿದು ಕೂತು ನೇಯುತ್ತಿದ್ದಾಳೆ. ಪಾಪ, ಜೊತೆ ಬೇಕಲ್ಲ. ಒಡೆದ ದನಿಯನ್ನು ಎಷ್ಟು ಚೆನ್ನಾಗಿ ಎತ್ತಿಕೊಂಡಿದ್ದಾಳೆ ಎಂದು ಮೆಚ್ಚಿಕೊಂಡೆ ಕೂಡ.

ಮುಂದಿನ ವಾರ ಎರಡು ಪಂಜಾ ಒಟ್ಟಿಗೆ ಬಿದ್ದವು. ಧಪ್ ಛಿಲ್, ಮತ್ತು ಅದರ ಬಗಲಿಗೇ ಧಪ್. ಹಲಗೆಯ ಎರಡು ತುದಿಗೆ ಒಬ್ಬಳ ಎರಡು ಕೈ ಮುಟ್ಟುವುದಿಲ್ಲ. ಖಾಲಿ ಕೋಣೆ, ಪ್ರತಿಧ್ವನಿ ಇರಬಹುದು ಎಂದುಕೊಂಡೆ. ಕನ್ನಡ ಎಂ.ಎ. ಮಾಡಿದವಳು ವಿಜ್ಞಾನಕ್ಕೆ ಕೈಹಾಕಿದರೆ ಹೀಗೆಯೇ. ಪ್ರತಿಧ್ವನಿ ಮೊದಲು ಬಂದು ಸದ್ದು ಆಮೇಲೆ ಬರುತ್ತದೆಯೇ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಕೇಳಿಕೊಳ್ಳುವ ಹಾಗೆ ಮಾಡಿದ್ದು ಒಂದು ಶುಕ್ರವಾರ. ಕಾಯಿಪಲ್ಲೆಯ ಗಾಡಿ ಬಂದಿತ್ತು. ನಾನು ಮೆಂತ್ಯದ ಕಟ್ಟು ಆರಿಸುತ್ತಿದ್ದೆ. ಮಾಲನ್‌ಬಿಯೂ ಬಂದು ನಿಂತಳು. ತುಟಿ ಒಡೆದು ಬಿಳುಚಿತ್ತು, ಕಣ್ಣು ಗುಳಿಬಿದ್ದಿದ್ದವು. “ಎಲ್ಲೀತನಕ ಬಂತು ಖಾಲಾ?” ಎಂದೆ. “ಕೊರಳ ಮುಗೀತು” ಎಂದಳು. ಅವಳು ನನ್ನ ಎದುರಿಗೆ, ಒಂದು ಮೊಳದ ದೂರದಲ್ಲಿ, ಎರಡೂ ಕೈಯಲ್ಲಿ ಸೊಪ್ಪು ಹಿಡಿದು ನಿಂತಿದ್ದಳು. ಆಗಲೇ ಅವಳ ಮನೆಯ ಒಳಗಿನಿಂದ ಸದ್ದು ಬಂತು. ಧಪ್ ಛಿಲ್. ಧಪ್ ಛಿಲ್.

ನನ್ನ ಕೈಯೊಳಗಿನ ಮೆಂತ್ಯ ಕೆಳಗೆ ಬಿತ್ತು. ಗಾಡಿಯವನು ತಿರುಗಿಯೂ ನೋಡಲಿಲ್ಲ, ಅವನಿಗೆ ಅದು ದಿನವೂ ಕೇಳುವ ಸದ್ದು.

“ಕರೀತಾಳ. ನಾ ಹೋಗತೀನಿ” ಎಂದಳು ಮಾಲನ್‌ಬಿ, ಒಲೆಯ ಮೇಲೆ ಸಾರು ಇಟ್ಟು ಬಂದವಳ ಹಾಗೆ. ಸೊಪ್ಪನ್ನು ಗಾಡಿಯ ಮೇಲೇ ಬಿಟ್ಟು ಒಳಗೆ ಹೋದಳು.

ಆ ಶುಕ್ರವಾರದಿಂದ ನಾನು ಪೂರ್ವದ ಕೋಣೆಗೆ ಹಾಸಿಗೆ ಬದಲಿಸಿದೆ. ಹೆದರಿ ಅಲ್ಲ, ಆ ಕೋಣೆಯಲ್ಲಿ ಗಾಳಿ ಛಲೋ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಕೋಣೆಗೆ ಕಿಡಕಿಯೇ ಇಲ್ಲ.

ಎರಡು ದಿನಕ್ಕೆ ಭಾನುವಾರ. ಮಧ್ಯಾಹ್ನ ಶಬಾನಾ ಬಂದು ಬಾಗಿಲಲ್ಲೇ ನಿಂತಳು. ಯಾವಾಗಲೂ ನಗುವ ಹುಡುಗಿ, ಅವತ್ತು ಮುಖದಲ್ಲಿ ರಕ್ತವಿರಲಿಲ್ಲ.

“ಅಕ್ಕೋರ, ನಮ್ಮ ಅತ್ತೀಗೆ ನೀವು ಏನ ಹೇಳೀರಿ?”

“ಏನಿಲ್ಲವಾ, ಸ್ವಲ್ಪ ಹುಮ್ಮಸ್ಸು ಬರಲಿ ಅಂತ...”

“ನಡೀಲಿ ಅಂದೀರೇನು?”

“ಹೌದು.”

ಅವಳು ಹಣೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಳು. “ಬಲಕ್ಕ ಕುಂತಾಕಿ ನಡೀಲಿ ಅಂದ್ರ ಎಡಕ್ಕ ಕುಂತಾಕಿ ಕೆಲಸ ನಿಲ್ಲಸಂಗಿಲ್ರಿ. ಬಲಕ್ಕ ಕುಂತಾಕಿನ ‘ಬಸ್’, ಸಾಕು ಅಂತ, ಅನಬೇಕು. ಒಬ್ಬಾಕಿ ತನ್ನ ಮನಸಿಗೆ ಬಂದಾಗ ಎದ್ರ ಹಾಸು ಸೊಟ್ಟ ಬರತೈತಂತ ಮೊದಲಿಂದ ಮಾಡಿದ ಪದ್ಧತಿ ಅದು. ಸಣ್ಣತ್ತಿ ಆವತ್ತು ಬಸ್ ಅನ್ನದ ಹೋದ್ಲು. ನಮ್ಮ ಅತ್ತಿ ಎರಡ ದಿನ ಪಂಜಾ ಕೈಯಾಗ ಹಿಡಕೊಂಡ ಕುಂತಿದ್ರು. ಹಿರ್ಯಾರು ಬಂದು ಬಿಡಿಸಿ ಇಟ್ರು. ಈಗ ನೀವು ಮತ್ತ ಚಾಲೂ ಮಾಡೀರಿ. ಊಟ ಬಿಟ್ಟು ನಾಕ ದಿನ ಆತು. ನಿನ್ನಿಂದ ನೀರೂ ಮುಟ್ಟಿಲ್ರಿ. ಇವತ್ತ ಸಲೈನ್ ಹಚ್ಚೂಣು ಅಂದ್ರ ಕೈ ಕೊಡವಲ್ರು. ಹಿಂಗ ಇದ್ರ ನಾಳಿ ತನಕ ಉಳಿಯಂಗಿಲ್ರಿ ಅಕ್ಕೋರ, ನಾ ದಿನಾ ನೋಡಾಕಿ ಹೇಳಾಕತ್ತೀನಿ.”

ಐವತ್ತು ವರ್ಷ ಒಂದೇ ಗೋಡೆಯ ಈಚೆ ಇದ್ದೆ, ಆ ಪದ್ಧತಿ ನನಗೆ ಗೊತ್ತಿರಲಿಲ್ಲ. ಕರೆಯುವ ಮಾತನ್ನಷ್ಟೇ ಕಲಿತಿದ್ದೆ. ಬಿಡಿಸುವ ಮಾತು ಒಂದಿದೆ, ಅದನ್ನು ಅವರು ಮೆಲ್ಲಗೆ ಆಡುತ್ತಾರೆ, ಗೋಡೆ ದಾಟಿ ಬರುವಷ್ಟು ದೊಡ್ಡದಾಗಿ ಅಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. ಆ ಗಳಿಗೆಯಲ್ಲಿ ನನಗೆ ಆದ ನಾಚಿಕೆಯನ್ನು ಹೇಗೆ ಹೇಳಲಿ? ಇಪ್ಪತ್ತಾರು ವರ್ಷ ಮೈಕು ಹಿಡಿದು ಹುರಿದುಂಬಿಸಿದ ಒಬ್ಬ ಹುಡುಗಿಗಾದರೂ ಸಾಕು ಮಾಡವಾ, ಕೂತು ದಣಿವಾರಿಸಿಕೋ ಎಂದಿದ್ದೇನೆಯೇ? ನೆನಪಾಗಲಿಲ್ಲ.

“ನಡಿ, ನಾನ ಬಸ್ ಅಂತೀನಿ” ಎಂದು ಎದ್ದೆ.

ಮಗ್ಗದ ಕೋಣೆಯಲ್ಲಿ ಕರೆಂಟಿರಲಿಲ್ಲ. ಮೇಲಿನ ಬೆಳಕಿಂಡಿಯಿಂದ ಒಂದು ಚೌಕ ಬಿಸಿಲು ಸರಿಯಾಗಿ ಹಲಗೆಯ ಬಲತುದಿಯ ಮೇಲೆ ಬಿದ್ದಿತ್ತು. ಮಾಲನ್‌ಬಿ ಎಡಕ್ಕೆ ಕೂತಿದ್ದಳು. ಬಲಗಡೆಯ ನವಿಲಿಗೆ ತಲೆ ಬಂದಿತ್ತು, ತುರಾಯಿ ಬಂದಿತ್ತು. ಕಣ್ಣಿನ ಜಾಗ ಮಾತ್ರ ಒಂದು ಬಟಾಣಿಯಷ್ಟು ಬಿಟ್ಟಿತ್ತು. ಹುಸೇನ್‌ಬಿಯ ಪಂಜಾ ಅವಳ ಜಾಗದಲ್ಲೇ ನೂಲಿಗೆ ಒರಗಿಕೊಂಡಿತ್ತು.

“ಬಸ್, ಖಾಲಾ” ಎಂದೆ ಬಾಗಿಲಿನಿಂದಲೇ.

ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಪಂಜಾ ಬಿತ್ತು, ಧಪ್.

“ಅಲ್ಲಿಂದ ಅಂದ್ರ ನಡಿಯಂಗಿಲ್ರಿ” ಎಂದು ಶಬಾನಾ ಪಿಸುಗುಟ್ಟಿದಳು. “ಬಾಜೂಕ ಕುಂತು ಅನಬೇಕು.”

ಆ ಹತ್ತು ಹೆಜ್ಜೆಯನ್ನು ನಾನು ಹೇಗೆ ಇಟ್ಟೆನೋ ದೇವರಿಗೇ ಗೊತ್ತು. ಹಲಗೆ ಬಲಗಡೆ ತಗ್ಗಾಗಿತ್ತು, ಒಬ್ಬಳೇ ಕೂತು ಸವೆಸಿದ ತಗ್ಗು. ಬಿಸಿಲಿಗೆ ಕಾದಿರಬೇಕು, ಈಗಷ್ಟೇ ಯಾರೋ ಎದ್ದು ಹೋದಂತೆ ಬೆಚ್ಚಗಿತ್ತು. ಕೂತೆ. ಎದುರಿಗೆ ಕಣ್ಣಿಲ್ಲದ ನವಿಲು. ಬಾಯಿ ತೆರೆದು ಬಸ್ ಎನ್ನಬೇಕು, ಅಷ್ಟೇ ಕೆಲಸ.

ನಾನು ಅನ್ನುವ ಮೊದಲೇ ಮಾಲನ್‌ಬಿ ಮಾತಾಡಿದಳು. ನನ್ನ ಕಡೆ ತಿರುಗಲಿಲ್ಲ, ನೂಲನ್ನೇ ನೋಡುತ್ತಿದ್ದಳು.

“ಬಂದ್ಯಾ?” ಎಂದಳು. “ಆವತ್ತ ನೀರ ಕುಡದ ಬರತೀನಿ ಅಂದಿ. ಕೊರಳಿನ ಸಾಲ ಮುಗಿಸಿ ಏಳಬೇ ಅಂತ ನಾ ಕುಂಡ್ರಿಸಿದೆ. ಎಂದೂ ನಾ ಹಂಗ ಅಂದಾಕಿಯಲ್ಲ. ಅವತ್ತ ಯಾಕ ಅಂದ್ನೋ. ನೀ ನಕ್ಕು ಮುಗಿಸಿದಿ, ಆಮ್ಯಾಲ ಎದ್ದಿ. ನಾ ಬಂದು ನೋಡಿದಾಗ ತಂಬಿಗಿ ಡಬ್ಬ ಬಿದ್ದಿತ್ತು, ನೆಲ ಎಲ್ಲಾ ಒದ್ದಿ. ಒಂದ ಗುಟಕರೆ ಹೋಗಿತ್ತೇನ ನಿನ್ನ ಬಾಯಾಗ? ಹೇಳ ನನಗ. ಬಾಯಾರಕೊಂಡ ಹೋದ್ಯಾ?”

ಎರಡು ತಿಂಗಳು ಅವಳು ಹೊತ್ತುಕೊಂಡಿದ್ದದ್ದು ಇದು. ನವಿಲೂ ಅಲ್ಲ, ಹಾಸೂ ಅಲ್ಲ.

ಎಲ್ಲ ಸಂದರ್ಭಕ್ಕೂ ಮಾತು ಇಟ್ಟುಕೊಂಡವಳು ನಾನು. ಸುಳ್ಳು ಹೇಳಲೇ, ಸಮಾಧಾನ ಹೇಳಲೇ ಎಂದು ಯೋಚಿಸುತ್ತಿದ್ದದ್ದು ನೆನಪಿದೆ. ಯೋಚನೆ ಮುಗಿಯುವ ಮೊದಲೇ ನನ್ನ ಬಾಯಿ ತೆರೆಯಿತು. ನೀರು ಕುಡಿದೆ ಮಾಲನ್, ಸಾಕು ಮಾಡು, ಏಳು ಎಂದೆ. ದನಿ ಒಡೆದಿತ್ತು, ಗಂಟಲು ಒಣಗಿದ್ದರಿಂದ ಎಂದುಕೊಂಡೆ.

“ಕುಡದಿ?” ಎಂದಳು ಮಾಲನ್‌ಬಿ. “ಛಲೋ ಆತು.” ಬಗ್ಗಿ ಪಂಜಾವನ್ನು ನೆಲದ ಮೇಲೆ ಇಟ್ಟಳು, ಮಲಗಿದ ಕೂಸನ್ನು ಕೆಳಗಿಡುವಷ್ಟು ಮೆತ್ತಗೆ. ಗೋಡೆ ಹಿಡಿದು ಎದ್ದು ನಿಂತು, ಒಂದೊಂದೇ ಹೆಜ್ಜೆ ಇಡುತ್ತ ಮೂಲೆಯ ಕೊಡದ ಹತ್ತಿರ ಹೋದಳು. ತಂಬಿಗೆ ಅದ್ದಿದ ಸದ್ದು ಕೇಳಿತು. ಗಟಗಟ ಕುಡಿದ ಸದ್ದು ಕೇಳಿತು. ಬಾಗಿಲಲ್ಲಿ ಶಬಾನಾ ಸೆರಗು ಬಾಯಿಗೊತ್ತಿ ಅಳುತ್ತಿದ್ದಳು.

ಅವಳು ನನ್ನ ಬಳಿ ಬಂದು ಕಣ್ಣೊರೆಸಿಕೊಂಡು ಅಂದಳು. “ನಿಮಗ ಉರ್ದು ಮಾತಾಡಾಕ ಬರತೈತಂತ ನನಗ ಗೊತ್ತ ಇರಲಿಲ್ರಿ ಅಕ್ಕೋರ.”

ನನಗೆ ಉರ್ದು ತಿಳಿಯುತ್ತದೆ, ಮಾಲನ್‌ಬಿ ಈಗ ಉರ್ದುವಿನಲ್ಲಿ ಆಡಿದ್ದೂ ತಿಳಿದಿತ್ತು. ಆಡಲು ನಾಲಿಗೆ ಇವತ್ತಿಗೂ ಹೊರಳುವುದಿಲ್ಲ. ಹಾಗೆಂದು ಅವಳಿಗೆ ಹೇಳಬೇಕೆಂದಿದ್ದೆ.

ಅಷ್ಟರಲ್ಲಿ ಮಾಲನ್‌ಬಿ ಮತ್ತೊಂದು ತಂಬಿಗೆ ತುಂಬಿಕೊಂಡು ಬಂದು ನನ್ನ ಮುಂದೆ ಹಿಡಿದಳು. ಮನೆಯಿಂದ ಹೊರಡುವಾಗಲೇ ನಾನು ನೀರು ಕುಡಿದು ಬಂದಿದ್ದೆ. ಆದರೂ ತಂಬಿಗೆ ತುಟಿಗೆ ತಾಗಿದ ಕೂಡಲೇ ನನಗೆ ಎಂಥ ನೀರಡಿಕೆಯಾಯಿತೆಂದರೆ, ಎರಡೂ ಕೈಯಲ್ಲಿ ಎತ್ತಿಹಿಡಿದು, ಎದೆಯೆಲ್ಲ ತೊಯ್ಯುವಂತೆ, ಉಸಿರು ಕಟ್ಟಿ ಕುಡಿದೆ. ತಂಬಿಗೆ ಬರಿದಾಯಿತು. ನೀರಡಿಕೆ ಹೋಗಲಿಲ್ಲ. ಖಾಲಿ ತಂಬಿಗೆಯನ್ನು ಅವಳ ಕಡೆ ಚಾಚಿ ಇನ್ನೊಂದು ಕೊಡು ಎಂದೆ.